ಅವ್ವನ ಜತೆ ಗೋಕರ್ಣಕ್ಕೆ

ಬೆಂಗಳೂರಿನ ನಮ್ಮ ಆಫೀಸಿನಲ್ಲಿ ಗೋಕರ್ಣ ಅಂದರೆ ಓಂ ಬೀಚ್, ಕುಡ್ಲೆ ಬೀಚ್, ಯೋಗ, ಟ್ರೆಕ್. ಲಾಂಗ್ ವೀಕೆಂಡ್ ಬಂತೆಂದರೆ ಶುಕ್ರವಾರ ರಾತ್ರಿಯ ಬಸ್ಸುಗಳು ಫುಲ್. ರಾಯಚೂರಿನ ನಮ್ಮ ಮನೆಯಲ್ಲಿ ಗೋಕರ್ಣವೇ ಬೇರೆ. ಅಲ್ಲಿಗೆ ಹೋಗುವುದು ಮಹಾಬಲೇಶ್ವರನ ದರ್ಶನಕ್ಕೆ, ಇಲ್ಲವೇ ಹಿರಿಯರ ಕಾರ್ಯಕ್ಕೆ. ಹೋದ ಡಿಸೆಂಬರಿನಲ್ಲಿ ನಾನು, ಅವ್ವ ಇಬ್ಬರೂ ಸೇರಿ ಈ ಎರಡೂ ಗೋಕರ್ಣ ನೋಡಿ ಬಂದೆವು.

ನನಗೆ ಆಗ ರಾತ್ರಿ ನಿದ್ದೆಯೇ ಬರುತ್ತಿರಲಿಲ್ಲ. ಪ್ರೊಡಕ್ಷನ್ ಸಪೋರ್ಟ್ ಮಾಡುವವರಿಗೆ ಇದು ಗೊತ್ತು, ಫೋನ್ ಬಾರಿಸದಿದ್ದರೂ ಬಾರಿಸಿದ ಹಾಗಾಗಿ ಎಚ್ಚರವಾಗುತ್ತೆ. ಮೂರು ದಿನದ ಯೋಗ ಶಿಬಿರ ಬುಕ್ ಮಾಡಿ ಅವ್ವನಿಗೆ ಹೇಳಿದೆ.

"ಗೋಕರ್ಣಕ್ಕ ಹೊಂಟಿಯಂದ್ರ ನಾನೂ ಬರ್ತೀನಪ. ನಿಮ್ಮಪ್ಪನ ಕಾರ್ಯ ಅಲ್ಲೊಮ್ಮೆ ಮಾಡಬೇಕಂತ ಮನಸಿನ್ಯಾಗೈತಿ" ಅಂದಳು.

ಅಪ್ಪ ಹೋಗಿ ಎರಡು ವರ್ಷವಾಗಿತ್ತು. ಅಲ್ಲಿಂದೀಚೆಗೆ ಅವ್ವ ತನ್ನ ತವರು ಮಾನ್ವಿಗೂ ಹೋಗುವುದನ್ನು ಬಿಟ್ಟಿದ್ದಳು. 58 ವರ್ಷವಾದರೂ ಸಮುದ್ರ ನೋಡಿರಲಿಲ್ಲ.

ಮಾನ್ವಿ, ಸಿಂಧನೂರು, ಕೊಪ್ಪಳ, ಗದಗ ದಾಟಿ ಹುಬ್ಬಳ್ಳಿ. ಅಲ್ಲಿಂದ ಯಲ್ಲಾಪುರ ಕಳೆದು ಅರಬೈಲ್ ಘಟ್ಟ ಇಳಿದರೆ ಅಂಕೋಲಾ, ಆಮೇಲೆ ಗೋಕರ್ಣ. ತೀರದಲ್ಲಿ ನಿಂತ ಅವ್ವ ಮೊದಲು ಕೇಳಿದ್ದು, "ಇದರ ಆಚಿ ದಂಡಿ ಎಲ್ಲೈತೋ?"

ಅವಳು ಮಾನ್ವಿಯ ಮಗಳು, ದೇವದುರ್ಗದ ಸೊಸೆ. ಒಂದು ಕಡೆ ತುಂಗಭದ್ರೆ, ಇನ್ನೊಂದು ಕಡೆ ಕೃಷ್ಣೆ. ಅವಳು ಕಂಡ ನೀರಿಗೆಲ್ಲ ಆಚೆ ದಂಡೆ ಇತ್ತು. ಅಪ್ಪನ ಅಸ್ಥಿ ಬಿಟ್ಟಿದ್ದು ಕೃಷ್ಣೆಯಲ್ಲೇ. ಕೃಷ್ಣೆ ಹುಟ್ಟೋದು ಮಹಾರಾಷ್ಟ್ರದ ಮಹಾಬಳೇಶ್ವರದಲ್ಲಿ, ಈ ಅರಬ್ಬಿ ಸಮುದ್ರಕ್ಕೆ ಅಷ್ಟು ಹತ್ತಿರ. ಆದರೂ ನಮ್ಮೂರ ಕಡೆ ಹರಿದು ಬಂದು ಬಂಗಾಳ ಕೊಲ್ಲಿ ಸೇರುತ್ತೆ ಅಂತ ಫೋನಿನ ಮ್ಯಾಪಿನಲ್ಲಿ ತೋರಿಸಿದೆ. "ಕಡೀಕ ಎಲ್ಲಾ ಸಮುದ್ರ ಒಂದಾ ಅಲ್ಲೇನು" ಅಂದಳು.

ದೇವಸ್ಥಾನದಲ್ಲಿ ಮೊದಲು ಮಹಾಗಣಪತಿ, ಆಮೇಲೆ ಮಹಾಬಲೇಶ್ವರ. ರಾವಣ ತಂದ ಆತ್ಮಲಿಂಗವನ್ನು ಬಾಲಕನ ವೇಷದ ಗಣಪತಿ ನೆಲಕ್ಕಿಟ್ಟ ಕಥೆ ನಿಮಗೂ ಗೊತ್ತಿರುತ್ತೆ. ರಾವಣ ಕೀಳಲು ಹೋಗಿ, ತಿರುಚಿದ ಲಿಂಗ ಹಸುವಿನ ಕಿವಿಯಂತಾಯಿತು, ಅದಕ್ಕೇ ಗೋಕರ್ಣ ಅನ್ನುತ್ತಾರೆ. ಲಿಂಗವೆಲ್ಲ ಪೀಠದೊಳಗೆ, ಕಾಣುವುದು ತುದಿ ಮಾತ್ರ.

ಅಪ್ಪನ ಕಾರ್ಯ ಕೋಟಿತೀರ್ಥದ ಬಳಿ. ಎಳ್ಳು, ದರ್ಭೆ, ನೀರು. ಭಟ್ಟರು ಹೆಸರು ಕೇಳುತ್ತ ಹೋದರು. ಅಪ್ಪನದು ಹೇಳಿದೆ, ಅಜ್ಜನದೂ ಹೇಳಿದೆ. ಮುತ್ತಜ್ಜನ ಹೆಸರು ನನಗೆ ಗೊತ್ತಿರಲಿಲ್ಲ. ಹಿಂದೆ ಕೂತಿದ್ದ ಅವ್ವ ಹೇಳಿದಳು. ಆಮೇಲೆ ಅಜ್ಜಿ, ಮುತ್ತಜ್ಜಿಯ ಹೆಸರು, ಅವನ್ನೂ ಅವಳೇ ಹೇಳಿದಳು. ಬೇರೆ ಮನೆಯಿಂದ ಬಂದವಳ ಬಾಯಲ್ಲಿ ನಮ್ಮ ಮನೆಯ ಮೂರು ತಲೆಮಾರು ಇತ್ತು. ಹೆಸರು ಹೇಳಿ ನೀರು ಬಿಡುವಾಗ ಮೊದಲ ಸಲ ಅಪ್ಪ ಒಬ್ಬರೇ ಹೋಗಿಲ್ಲ, ತಮ್ಮವರ ಸಾಲಿಗೆ ಸೇರಿದ್ದಾರೆ ಅನ್ನಿಸಿತು.

ಮರುದಿನ ಊರಿನ ಗದ್ದಲ ಬಿಟ್ಟು ಕೆಂಪು ಕಲ್ಲಿನ ಗುಡ್ಡ ಹತ್ತಿ ಕುಡ್ಲೆ ಕಡೆ ನಡೆದೆವು. ಕೆಳಗೆ ಸಮುದ್ರ, ಮೇಲೆ ಕೆಫೆ, ಡೀಟಾಕ್ಸ್, ಸೌಂಡ್ ಹೀಲಿಂಗ್ ಬೋರ್ಡುಗಳು. ಕೇರಳದ ವರ್ಕಲವೂ ಹೀಗೇ. ಕಡಿದಾದ ದಂಡೆಯ ಮೇಲೆ ಆಯುರ್ವೇದ ಮಸಾಜು, ಕೆಳಗೆ ಪಾಪನಾಶಂ ತೀರದಲ್ಲಿ ಪಿತೃತರ್ಪಣ. ಒಂದೇ ಸಮುದ್ರಕ್ಕೆ ಎರಡು ಥರದ ಭಾರ ಹೊತ್ತವರು ಬರುತ್ತಾರೆ.

ಶಿಬಿರದಲ್ಲಿ ಅವ್ವನ ಕೈಗೂ ಒಂದು ಫಾರ್ಮ್ ಕೊಟ್ಟರು. ಹೆಸರು, ವಯಸ್ಸು, ಮಂಡಿ ನೋವು ಇದೆಯೇ, ತುರ್ತು ಇದ್ದರೆ ಯಾರಿಗೆ ಫೋನ್ ಮಾಡಬೇಕು. ಕೊನೆಯ ಸಾಲಿಗೆ ಪೆನ್ನು ನಿಂತಿತು. ಇಷ್ಟು ವರ್ಷ ಅಲ್ಲಿ ಅಪ್ಪನ ನಂಬರ್ ಬರೆಯುತ್ತಿದ್ದಳು. ನನ್ನ ಮುಖ ನೋಡಿದಳು. ನಾನು ನನ್ನ ನಂಬರ್ ಹೇಳಿದೆ.

ಅವಳಿಗೆ ಕುರ್ಚಿ ಮೇಲೆ ಕೂತು ಮಾಡುವ ಆಸನ. ಪಕ್ಕದಲ್ಲಿದ್ದ ಪುಣೆಯ ಅಜ್ಜಿಯೊಬ್ಬರು ಹರಕು ಮುರುಕು ಹಿಂದಿಯಲ್ಲಿ ಅವ್ವನ ಹೆಸರು ಕೇಳಿದರು, ಚಹಾಕ್ಕೆ ಕರೆದರು. ಯಜಮಾನರು ಇದ್ದಾರಾ ಅಂತ ಕೇಳಲೇ ಇಲ್ಲ. ನಮ್ಮ ಕಡೆ ಮದುವೆ ಮನೆಯಲ್ಲಿ ಕುಂಕುಮದ ಬಟ್ಟಲು ಅವ್ವನನ್ನು ದಾಟಿ ಮುಂದೆ ಹೋಗುತ್ತೆ. ಅದಕ್ಕೇ ಅವಳು ಮಾನ್ವಿಗೆ ಹೋಗುವುದನ್ನು ಬಿಟ್ಟಿದ್ದು ಅಂತ ನನಗೆ ಹೇಳಿದ್ದು ಆ ಸಂಜೆ, ಕುಡ್ಲೆಯ ಮರಳಿನ ಮೇಲೆ ಕೂತು. "ಇಲ್ಲಿ ಎಲ್ಲಾರೂ ನನ್ನ ಹೆಸರು ಕೇಳ್ತಾರ ನೋಡು. ಅಲ್ಲಿ ಎಲ್ಲಾ ನಿಮ್ಮಪ್ಪನ ಹೆಸರೀಲೇ ಕರೀತಿದ್ರು" ಅಂದಳು.

ಬೀಚು ಬೇಕೋ ಗುಡಿ ಬೇಕೋ ಅಂತ ಕೇಳಿದರೆ ಈಗ ನನಗೆ ಉತ್ತರ ಗೊತ್ತಿಲ್ಲ. ಸತ್ತವರನ್ನು ಸರಿಯಾಗಿ ಕಳಿಸಿಕೊಡುವ ದಾರಿ ಗುಡಿಯ ಗೋಕರ್ಣದಲ್ಲಿತ್ತು. ಉಳಿದವಳನ್ನು ಬರೀ ಅವಳಾಗಿ ನೋಡುವ ಕಣ್ಣು ಬೀಚಿನ ಗೋಕರ್ಣದಲ್ಲಿತ್ತು. ಅವ್ವನಿಗೆ ಎರಡೂ ಬೇಕಿತ್ತು.

ನನ್ನ ನಿದ್ದೆ ಅಲ್ಲಿ ಮೂರು ರಾತ್ರಿ ಚೆನ್ನಾಗಿತ್ತು, ಈಗ ಅಷ್ಟಕ್ಕಷ್ಟೆ. ಆದರೆ ಅವ್ವ ಸಂಕ್ರಾಂತಿಗೆ ಮಾನ್ವಿಗೆ ಹೋಗಿ ಬಂದಳು, ತಾನಾಗೇ ಬಸ್ ಹತ್ತಿ.

ನೀವೂ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ಮಳೆಗಾಲ ಬೇಡ, ಆಗ ಕಡಲು ಜೋರು. ದೇವಸ್ಥಾನಕ್ಕೆ ಗಂಡಸರು ಪಂಚೆ ಇಟ್ಟುಕೊಳ್ಳಿ. ಹೊರಡುವ ಮುಂಚೆ ಮನೆಯ ಹಿರಿಯರ ಹೆಸರು, ಹೆಣ್ಣುಮಕ್ಕಳದೂ ಸೇರಿಸಿ, ಕೇಳಿ ಫೋನಿನಲ್ಲಿ ಬರೆದುಕೊಳ್ಳಿ. ಹೇಳುವವರು ಇರುವಾಗಲೇ.