95ನೇ ಕೊಠಡಿಯ ನೀಲಿ ಹೂಜಿ

ಲಂಡನ್ನಿನಲ್ಲಿ ಆ ದಿನ ಬೆಳಗಿನಿಂದಲೇ ಜಿಟಿಜಿಟಿ ಮಳೆ. ಬ್ರಿಟಿಷ್ ಮ್ಯೂಸಿಯಂ ಒಳಗೆ ಕಾಲಿಟ್ಟರೆ ಜನವೆಲ್ಲ ಈಜಿಪ್ಟಿನ ಮಮ್ಮಿಗಳ ಕಡೆಗೇ ಹರಿಯುತ್ತಿದ್ದರು. ನಾನು ಇಸ್ಲಾಮಿಕ್ ಜಗತ್ತಿನ ಗ್ಯಾಲರಿಯತ್ತ ತಿರುಗಿದೆ. ಅಲ್ಲೊಂದು ಹಿತ್ತಾಳೆಯ ಗಿಂಡಿ. 1232ರಲ್ಲಿ ಮೋಸುಲ್ ನಗರದಲ್ಲಿ ಶುಜಾ ಇಬ್ನ್ ಮನಾ ಎಂಬ ಕಸುಬುಗಾರ ಮಾಡಿದ್ದು. ಮೈತುಂಬ ಬೆಳ್ಳಿ ಕೂರಿಸಿದ ಬಳ್ಳಿ, ಬರಹ, ಮನುಷ್ಯರು, ಕುದುರೆಗಳು. ಬೀದರಿನಲ್ಲಿ ಉಳಿಯಿಂದ ಗೀರಿದ ಗೆರೆಯೊಳಕ್ಕೆ ಬೆಳ್ಳಿತಂತಿ ಬಡಿದು ಕೂರಿಸುವುದನ್ನು ಕಂಡಿದ್ದ ನನಗೆ ಅದರ ಮುಂದೆ ನಿಂತಾಗ ಪರಿಚಿತರ ಮನೆಗೆ ಬಂದಂತಾಯಿತು.

ಆ ಬೆಳ್ಳಿಗೆರೆಗಳನ್ನು ಕಣ್ಣಿನಲ್ಲಿ ತುಂಬಿಕೊಂಡೇ 95ನೇ ಕೊಠಡಿಗೆ ನಡೆದೆ. ಸರ್ ಪರ್ಸಿವಲ್ ಡೇವಿಡ್ ಸಂಗ್ರಹಿಸಿದ ಚೀನೀ ಪಿಂಗಾಣಿ ಇರುವ ಕೊಠಡಿ ಅದು. ಡೇವಿಡ್ ಹುಟ್ಟಿದ್ದು 1892ರಲ್ಲಿ, ನಮ್ಮ ಮುಂಬಯಿಯಲ್ಲಿ. ಅವರು ಕೂಡಿಸಿದ ಸುಮಾರು 1,700 ವಸ್ತುಗಳು ಗಾಜಿನ ಹಿಂದೆ ಸಾಲುಸಾಲಾಗಿ ನಿಂತಿವೆ. ಒಳಗೆ ಬೆರಳೆಣಿಕೆಯ ಜನ. ಹೆಜ್ಜೆಯ ಸದ್ದೂ ಕೇಳುವಷ್ಟು ಮೌನ.

ಆ ಸಾಲಿನಲ್ಲಿ ಕಂಡಿತು ಹೂಜಿ.

ಹುಣ್ಣಿಮೆಯ ಚಂದ್ರನಂತೆ ದುಂಡಗೆ, ಪಕ್ಕದಿಂದ ನೋಡಿದರೆ ಚಪ್ಪಟೆ. ಮೇಲೆ ಗಿಡ್ಡ ಕೊರಳು, ಕೊರಳಿನಿಂದ ಹೆಗಲಿಗೆ ಇಳಿದ ಎರಡು ಪುಟ್ಟ ಹಿಡಿಗಳು. ನಡುವಿನಿಂದ ನೀಲಿ ನಕ್ಷತ್ರವೊಂದು ಹೊಮ್ಮಿ, ಗೆರೆಯೊಳಗೆ ಗೆರೆ ಹೆಣೆದುಕೊಂಡು ಅಂಚಿನವರೆಗೆ ಹರಡಿದೆ. ಮಸೀದಿಯ ಗೋಡೆಯಲ್ಲೋ ಕುರಾನಿನ ಹೊದಿಕೆಯಲ್ಲೋ ಕಾಣುವಂಥ ವಿನ್ಯಾಸ. ಮಾಡಿದ್ದು ಮಾತ್ರ ದಕ್ಷಿಣ ಚೀನಾದ ಜಿಂಗ್‌ಡೆಜೆನ್ ಊರಿನಲ್ಲಿ, ಮಿಂಗ್ ವಂಶದ ಯೋಂಗ್ಲೆ ಚಕ್ರವರ್ತಿ ಆಳುತ್ತಿದ್ದ 1403ರಿಂದ 1424ರ ನಡುವೆ.

ದಾರಿಹೋಕರು ನೀರು ತುಂಬಿಕೊಂಡು ಹೊರಡುವ ಪಾತ್ರೆಯ ಆಕಾರ ಇದು. ಪಶ್ಚಿಮ ಏಷ್ಯಾದಲ್ಲಿ ಇದನ್ನು ಜೇಡಿಮಣ್ಣಿನಲ್ಲಿ, ಗಾಜಿನಲ್ಲಿ, ಹಿತ್ತಾಳೆಯಲ್ಲಿ ಮಾಡುತ್ತಿದ್ದರು. ವಾಷಿಂಗ್ಟನ್ನಿನ ಫ್ರಿಯರ್ ಗ್ಯಾಲರಿಯಲ್ಲಿ ಬೆಳ್ಳಿ ಕೂರಿಸಿದ 13ನೇ ಶತಮಾನದ ದೊಡ್ಡ ಹಿತ್ತಾಳೆ ಹೂಜಿಯೊಂದಿದೆ. ಒಂದು ಬದಿ ಉಬ್ಬಿದ, ಇನ್ನೊಂದು ಬದಿ ಪೂರ್ತಿ ಚಪ್ಪಟೆಯಾದ ಅದರ ಆಕಾರವನ್ನೇ ಅನುಸರಿಸಿದ ಚೀನೀ ಪಿಂಗಾಣಿ ಹೂಜಿಯೂ ಅದೇ ಸಂಗ್ರಹದಲ್ಲಿದೆ. ಕಂಚುಗಾರನ ಕನಸನ್ನು ಕುಂಬಾರ ಕಂಡಿದ್ದಾನೆ!

ಬಣ್ಣವೂ ದೂರದ್ದೇ. ಆ ಕಾಲದ ಉತ್ತಮ ಕೋಬಾಲ್ಟ್ ಪಶ್ಚಿಮ ಏಷ್ಯಾದಿಂದ ಬರುತ್ತಿತ್ತು. ಸುಡದ ಹಸಿ ಪಾತ್ರೆಯ ಮೇಲೆ ಅದನ್ನು ಬಳಿದಾಗ ನೀಲಿಯೇ ಕಾಣದು, ಮಂಕು ಬೂದುಗಪ್ಪು. ಮಣ್ಣು ಅದನ್ನು ತಕ್ಷಣ ಹೀರಿಕೊಳ್ಳುತ್ತದೆ. ತಪ್ಪಿದರೆ ಒರೆಸಿ ಮತ್ತೆ ಎಳೆಯಲು ಇದು ರಂಗೋಲಿಯಲ್ಲ. ಹೀಗೆ ಕಾಣದ ನೀಲಿಯನ್ನು ನಂಬಿ ಅಷ್ಟು ಗೆರೆ ಎಳೆದು, ಮೇಲೆ ಗಾಜುಲೇಪ ಕೊಟ್ಟು, ಸುಮಾರು 1,300 ಡಿಗ್ರಿ ಸೆಲ್ಸಿಯಸ್ ಉರಿಗೆ ಒಪ್ಪಿಸಬೇಕು. ಆ ಕೈ ಎಷ್ಟು ಧೈರ್ಯದ್ದಿರಬೇಕು!

ಗಾಜಿಗೆ ಮೂಗು ತಾಗುವಷ್ಟು ಬಾಗಿದೆ. ನೀಲಿಯ ನಡುನಡುವೆ ಕಡುಕಪ್ಪು ಚುಕ್ಕೆಗಳು, ಶಾಯಿ ಹೆಪ್ಪುಗಟ್ಟಿದಂತೆ. ಆ ಕೋಬಾಲ್ಟಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಬಣ್ಣ ದಪ್ಪವಾಗಿ ಬಿದ್ದ ಕಡೆ ಅದು ಉರಿಯಲ್ಲಿ ಮೇಲೆದ್ದು ಕಲೆಯಾಗಿ ನಿಂತಿದೆ. ಹಾಗೆ ನೋಡಿದರೆ ಅದೊಂದು ದೋಷ. ಆದರೆ ಮುನ್ನೂರು ವರ್ಷಗಳಾದ ಮೇಲೆ, 18ನೇ ಶತಮಾನದಲ್ಲಿ, ಹಳೆಯ ಹೂಜಿಗಳನ್ನು ಅನುಕರಿಸಹೊರಟ ಅದೇ ಊರಿನ ಚಿತ್ರಕಾರರಿಗೆ ಈ ಚುಕ್ಕೆಗಳಿಲ್ಲದ ನೀಲಿ ಸಪ್ಪೆ ಎನಿಸಿತು. ಅವರ ಕೋಬಾಲ್ಟ್ ಶುದ್ಧ, ಚುಕ್ಕೆ ತಾನಾಗಿ ಬಾರದು. ಕುಂಚದ ತುದಿಯಿಂದ ಒಂದೊಂದಾಗಿ ಇಟ್ಟರು. ಆ ಮಾತು ನೆನಪಾಗಿ ಅಲ್ಲಿಂದ ಕದಲಲು ಮನಸ್ಸೇ ಬರಲಿಲ್ಲ.

ಈ ಆಕಾರ, ವಿನ್ಯಾಸ, ಬಣ್ಣ ಎಲ್ಲ ಪಶ್ಚಿಮ ಏಷ್ಯಾದಿಂದ ಚೀನಾಕ್ಕೆ ಹೋದದ್ದು ಹೇಗೆ? ಮುಸ್ಲಿಂ ಮನೆತನದ ಝೆಂಗ್ ಹೆ ಎಂಬ ಚೀನೀ ನಾವಿಕನ ಹಡಗುಗಳು 1405ರಿಂದ ಕಲ್ಲಿಕೋಟೆಗೆ, ಮುಂದೆ ಹೊರ್ಮುಜ್‌ಗೆ ಹೋಗಿಬರುತ್ತಿದ್ದವು. ಹೆರಾತಿನ ದೊರೆ ಶಾರುಖ್ ಯೋಂಗ್ಲೆಯೊಡನೆ ರಾಯಭಾರಿಗಳನ್ನು ವಿನಿಮಯ ಮಾಡಿಕೊಂಡಿದ್ದ. 1419ರಲ್ಲಿ ಹೊರಟ ಅವನ ತಂಡದಲ್ಲಿ ಒಬ್ಬ ಚಿತ್ರಕಾರನೂ ಇದ್ದ. 1443ರಲ್ಲಿ ನಮ್ಮ ವಿಜಯನಗರಕ್ಕೆ, ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಅಬ್ದುಲ್ ರಜಾಕ್ ಇದೇ ಶಾರುಖನ ರಾಯಭಾರಿ. ಹಂಪಿಯ ಉತ್ಖನನದಲ್ಲಿ ಚೀನೀ ಪಿಂಗಾಣಿಯ ಚೂರುಗಳು ಸಿಕ್ಕಿವೆ. ಆ ಚೂರುಗಳ ಬಗ್ಗೆ ಓದಿದಾಗ ಏನೂ ಅನಿಸಿರಲಿಲ್ಲ. ಹೂಜಿಯ ಮುಂದೆ ನಿಂತಾಗ ಮೈ ನವಿರೆದ್ದಿತು.

ಮ್ಯೂಸಿಯಮ್ಮಿಗೆ ಪ್ರವೇಶ ಉಚಿತ. ಲಂಡನ್ನಿಗೆ ಹೋದರೆ, ಮಮ್ಮಿಗಳನ್ನು ನೋಡಿ ಕಾಲು ಸೋಲುವ ಮೊದಲೇ 95ನೇ ಕೊಠಡಿಗೆ ಹೋಗಿ. ಗಾಜಿನ ಹತ್ತಿರ ಬಾಗಿ ಆ ಕಪ್ಪು ಚುಕ್ಕೆಗಳನ್ನು ಹುಡುಕಿ.