ಪ್ರಾಜೆಕ್ಟ್ ಟಾಪಿಕ್ ಹೊಲದ ಬದುವಿನಲ್ಲಿದೆ

ಫೈನಲ್ ಇಯರ್ ಪ್ರಾಜೆಕ್ಟ್ ಅಂದ್ರೆ ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಹರಕೆ ತೀರಿಸಿದ ಹಾಗೆ. ನಾಲ್ಕು ಜನ ಸೇರೋದು, ಒಬ್ಬ ಕೋಡ್ ಬರೆಯೋದು, ಉಳಿದವರು ರಿಪೋರ್ಟಿಗೆ ಬೈಂಡಿಂಗ್ ಮಾಡಿಸೋದು.

ಕಳೆದ ಸಲ ಬಿಕ್ಕೋಡಿಗೆ ಹೋದಾಗ ಅಕ್ಕನ ಮಗ ಕೇಳಿದ: "ಮಾವ, ಒಂದೊಳ್ಳೆ ಟಾಪಿಕ್ ಹೇಳಿ. ಎಐ ಇರ್ಲೇಬೇಕು."

"ಬೇಲೂರು ನೋಡಿದೀಯಾ?"

"ಬಂದ ನೆಂಟರನ್ನೆಲ್ಲ ಕರ್ಕೊಂಡು ಹೋಗೋನೇ ನಾನು. ಅಲ್ಲೇನಿದೆ ಪ್ರಾಜೆಕ್ಟಿಗೆ?"

ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳ್ತೀನಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಸ್ಥಾನವನ್ನು ಒಮ್ಮೆ ಪ್ರಾಜೆಕ್ಟ್ ಅಂತ ನೋಡಿ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ಅಂಥ ಕುಸುರಿ ಸಾಧ್ಯವಾಗಿದ್ದೇ ಅದರಿಂದ, ಅದು ಟೆಕ್ನಾಲಜಿ. ನಕ್ಷತ್ರದಂತೆ ಮಡಿಚಿಕೊಂಡ ಗೋಡೆ, ಅದೇ ಮೂಲೆಗಳನ್ನು ಹಿಡಿದು ಸಾಗುವ ಜಗತಿ ಡಿಸೈನ್. ದೇವಸ್ಥಾನ ನಡೆಯೋಕೆ ಬಿಟ್ಟ ದತ್ತಿಯನ್ನು ಕಲ್ಲಲ್ಲೇ ಬರೆಸಿಟ್ಟಿದ್ದು ಬಿಸಿನೆಸ್. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಾವು ಕೆತ್ತಿದ ಶಿಲ್ಪಗಳ ಕೆಳಗೆ ಹೆಸರು ಹಾಕಿದ್ದಾರೆ. ಯಾವ ಸಾಲು ಕೋಡ್ ಯಾರದು ಅಂತ ಗಿಟ್ ನೋಡಿ ಹೇಳುವ ನಮಗೆ ಆ ಹೆಮ್ಮೆ ಅರ್ಥವಾಗಬೇಕು.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದವು. ಅವಕ್ಕೆ ಕಾವಲುಗಾರರಿದ್ದಾರೆ. ನನ್ನ ಚಿಂತೆ ಬೇಲಿಯಾಚೆಯ ಕಲ್ಲುಗಳದ್ದು. ಹೊಲದ ಬದು, ಕೆರೆ ಏರಿ, ಹಾಳುಗುಡಿಯ ಮಗ್ಗುಲು ಎಲ್ಲೆಂದರಲ್ಲಿ ವೀರಗಲ್ಲುಗಳಿವೆ. ಬಿ.ಎಲ್. ರೈಸ್ 1902ರಲ್ಲೇ ಹಾಸನ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ 5ನೇ ಸಂಪುಟದಲ್ಲಿ ಅಚ್ಚು ಹಾಕಿಸಿದ್ದರು. ಆದರೂ ಇದೇ ತಾಲ್ಲೂಕಿನ ಹಲ್ಮಿಡಿ ಶಾಸನವನ್ನು ಡಾ. ಎಂ.ಎಚ್. ಕೃಷ್ಣ ಬೆಳಕಿಗೆ ತಂದಿದ್ದು 1936ರಲ್ಲಿ. ಸುಮಾರು ಕ್ರಿ.ಶ. 450ರ ಕನ್ನಡ ಅದು. ಅಷ್ಟರೊಳಗೆ ಯಾರಾದರೂ ಆ ಕಲ್ಲನ್ನು ಒಡೆದು ಮನೆ ಪಾಯಕ್ಕೆ ಹಾಕಿದ್ದರೆ?

ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಶಾಸನಗಳನ್ನು ತ್ರೀ-ಡಿ ಸ್ಕ್ಯಾನ್ ಮಾಡುತ್ತಿದೆ. ಅದರ ಮುಂದಾಳು ಪಿ.ಎಲ್. ಉದಯಕುಮಾರ್ ಕೂಡ ಇಂಜಿನಿಯರೇ. ದುಬಾರಿ ಸ್ಕ್ಯಾನರ್ ಇಲ್ಲದಿದ್ದರೂ ಆರಂಭ ಮಾಡಬಹುದು. ಒಂದರ ಮೇಲೊಂದು ಹಾಯುವಂತೆ ಸುತ್ತಲಿಂದ ಫೋನಿನಲ್ಲಿ ಫೋಟೊ ತೆಗೆದರೆ ಫೋಟೊಗ್ರಾಮೆಟ್ರಿ ಸಾಫ್ಟ್‌ವೇರ್ ಅದನ್ನು ತ್ರೀ-ಡಿ ಮಾಡೆಲ್ ಮಾಡಿಕೊಡುತ್ತೆ. ಬೆಳಕನ್ನು ಓರೆಯಾಗಿ ಬಿಟ್ಟರೆ ಸವೆದ ಅಕ್ಷರವೂ ಎದ್ದು ಕಾಣುತ್ತೆ. ಆದರೆ ಓದೋಕೆ ಹಳಗನ್ನಡ ಬಲ್ಲ ಇತಿಹಾಸದ ವಿದ್ಯಾರ್ಥಿ ಬೇಕು. ಊರಿಗೊಂದು ಫಲಕ ಬರೆಯೋಕೆ ಡಿಸೈನ್ ಓದಿದವರು, ಹಳೇಬೀಡು ನೋಡಿ ಹೊರಟ ಕಾರನ್ನು ನಮ್ಮ ಹಳ್ಳಿಯಲ್ಲಿ ಒಂದು ಕಾಫಿಗೆ ನಿಲ್ಲಿಸೋಕೆ ಎಂಬಿಎ ಹುಡುಗರು ಬೇಕು. ನಮ್ಮ ತೊಂದರೆ ಇಲ್ಲೇ: ಈ ನಾಲ್ವರೂ ಒಂದೇ ಬಸ್ಸಲ್ಲಿ ಓಡಾಡ್ತಾರೆ, ಒಂದೇ ಟೇಬಲ್ಲಿಗೆ ಕೂರಲ್ಲ.

"ಇದರಿಂದ ಕೆಲ್ಸ ಸಿಗುತ್ತಾ ಮಾವ?"

ನ್ಯಾಯವಾದ ಪ್ರಶ್ನೆ. ಖಾತ್ರಿ ನಾನು ಕೊಡಲಾರೆ. ಆದರೆ ಇಂಟರ್‌ವ್ಯೂ ತಗೊಳ್ಳೋನು ನಾನೂ ಹೌದು. ಹತ್ತನೇ ಅಟೆಂಡೆನ್ಸ್ ಸಿಸ್ಟಮ್ ಕೇಳುವಾಗ ಆಕಳಿಕೆ ಬರುತ್ತೆ. ಮಳೆಯಲ್ಲಿ ನೆನೆದ ಕಲ್ಲಿನ ಮುಂದೆ ಡೇಟಾ ಯಾಕೆ ಕೆಟ್ಟಿತು, ಹೇಗೆ ಸರಿಮಾಡಿದೆ ಅಂತ ಹೇಳುವವನನ್ನು ಅರ್ಧ ಗಂಟೆ ಹೆಚ್ಚು ಕೂರಿಸಿಕೊಳ್ತೀನಿ.

ಮುಂದಿನ ಭಾನುವಾರ ಅವನು ಒಂದು ಫೋಟೊ ಕಳಿಸಿದ. ಅರ್ಧ ಹೂತ ವೀರಗಲ್ಲು, ಪಕ್ಕದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತ ಒಬ್ಬ ಅಜ್ಜಿ. ಕೆಳಗೆ ಅವಳು ಕೇಳಿದ್ದನ್ನು ಟೈಪ್ ಮಾಡಿದ್ದ: "ಇದ್ರಾಗೆ ಏನ್ ಬರ್ದೈತೆ ಮಗ?"