ಜಿಪ್ಸಿಯ ಬೆನ್ನಿಗೆ ಯಾವ ಗುಡ್ಡ?

ದೀಪಾವಳಿಗೆ ಬಂದ ಅಕ್ಕನ ಮಗ ಬ್ಯಾಗಿನಿಂದ ಒಂದು ಸ್ಟೆಪ್ನಿ ಕವರ್ ತೆಗೆದು, ‘ಮಾವ, ನಿಮ್ಮ ಜಿಪ್ಸಿಗೆ’ ಅಂದ. ಹುಡುಗ ಪ್ರೀತಿಯಿಂದ ತಂದಿದ್ದಾನೆ, ಮುಖ ಸಿಂಡರಿಸಬಾರದು. ಬಿಚ್ಚಿ ನೋಡಿದೆ. ಹಿಮ ಹೊದ್ದ ಮೂರು ಶಿಖರಗಳು, ಅವುಗಳ ಬುಡಕ್ಕೆ ಮೊನಚು ಪೈನ್ ಮರಗಳ ಸಾಲು, ಮುಂದೊಂದು ಕಂದು ಕರಡಿ, ಸುತ್ತಲೂ ದಿಕ್ಸೂಚಿ, ಮೇಲೆ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ‘ಅಡ್ವೆಂಚರ್’. ನಾನು ಇರುವುದು ಮೂಡಿಗೆರೆಯಲ್ಲಿ. ಇಲ್ಲಿ ಬೀಳುವ ಬಿಳಿ ಪದಾರ್ಥವೆಂದರೆ ಮಾರ್ಚ್ ಏಪ್ರಿಲ್‌ನ ಆಲಿಕಲ್ಲು, ಅದೂ ಕಾಫಿ ಹೂವಿನ ಲೆಕ್ಕ ಕೆಡಿಸುವುದಕ್ಕೆ. ನಮ್ಮ ನಾಡಿನ ಕರಡಿ ಕಪ್ಪಗಿರುತ್ತದೆ, ಮೈತುಂಬ ಜಡೆಗೂದಲು, ಎದೆಯ ಮೇಲೆ ಬಿಳಿಯ ಗೆರೆ. ಹುತ್ತ ಬಗೆದು ಗೆದ್ದಲು ಹೀರುವುದು ಅದರ ಕಸುಬು. ಈ ಕವರಿನ ಕರಡಿ ಹೊಟ್ಟೆ ತುಂಬಿಸಿಕೊಳ್ಳಬೇಕಾದರೆ ಹೇಮಾವತಿಯ ದಡದಲ್ಲಿ ಸಾಲ್ಮನ್ ಮೀನಿಗೆ ಕಾದು ಕೂರಬೇಕು.

ಮಾರುತಿ ಜಿಪ್ಸಿ ಇಟ್ಟುಕೊಂಡವರಿಗೆ ಸ್ಟೆಪ್ನಿ ಸಣ್ಣ ವಿಷಯವಲ್ಲ. ಕಾರಿನವರ ಸ್ಟೆಪ್ನಿ ಡಿಕ್ಕಿಯೊಳಗೆ ಅವಿತಿರುತ್ತದೆ. ನಮ್ಮದು ಹಿಂಬಾಗಿಲಿಗೇ ನೇತುಬಿದ್ದಿರುತ್ತದೆ, ಊರೆಲ್ಲ ನೋಡುತ್ತದೆ. ಚಾರ್ಮಾಡಿ ಘಾಟಿಯಲ್ಲಿ ಮುಂದೆಲ್ಲೋ ಲಾರಿ ಕೆಟ್ಟು ನಿಂತರೆ ಹಿಂದಿನ ಕಾರಿನವರಿಗೆ ಓದಲು ಇರುವುದು ನಮ್ಮ ಬೆನ್ನು ಮಾತ್ರ. ಈಗ ಬರುವ ಜೀಪ್ ಕಂಪನಿಯ ರ‍್ಯಾಂಗ್ಲರ್‌ನಲ್ಲಿ ಸ್ಟೆಪ್ನಿಯ ನಟ್ಟನಡುವೆ ಕ್ಯಾಮೆರಾ ಕಣ್ಣು ಕೂರಿಸಿರುತ್ತಾರೆ. ಕವರ್ ಹಾಕಿದರೂ ನಡುವೆ ತೂತು ಬಿಡಬೇಕು. 1985ರಲ್ಲಿ ರಸ್ತೆಗಿಳಿದ ಜಿಪ್ಸಿಗೆ ಆ ಕಾಟವಿಲ್ಲ. ಇಡೀ ವೃತ್ತ ನಮ್ಮದೇ. ಅಷ್ಟು ಜಾಗ ಬಿಟ್ಟಿ ಸಿಕ್ಕಾಗ ಏನು ಹಾಕಿಕೊಳ್ಳುತ್ತೇವೆ ಎನ್ನುವುದರಲ್ಲಿ ನಮ್ಮ ಬಂಡವಾಳ ಬಯಲಾಗುತ್ತದೆ.

ಕವರೇ ಬೇಡ ಎನ್ನುವ ಒಂದು ಪಂಗಡವಿದೆ. ಯುದ್ಧಕಾಲದ ವಿಲ್ಲಿಸ್ ಜೀಪಿನ ಹಿಂದೆ ಟೈರು ಬರಿಮೈಯಲ್ಲಿತ್ತು, ಪಕ್ಕದಲ್ಲೊಂದು ಪೆಟ್ರೋಲ್ ಕ್ಯಾನ್, ಅಷ್ಟೇ. ಜೀಪಿಗೆ ಅಲಂಕಾರ ಯಾಕೆ ಅನ್ನುತ್ತಾರೆ. ನೋಡಲು ಅವರ ಮಾತೇ ಚೆಂದ, ಒಪ್ಪುತ್ತೇನೆ. ಆದರೆ ಆ ಜೀಪುಗಳ ಟೈರು ಬಿಸಿಲಿಗೆ ಬಿರಿಯುವಷ್ಟು ಕಾಲ ಸುಮ್ಮನೆ ಕೂತಿರಲಿಲ್ಲ. ಟೈರಿನ ರಬ್ಬರಿಗೆ ಒಂದು ಬಗೆಯ ಮೇಣ ಬೆರೆಸಿರುತ್ತಾರೆ. ಚಕ್ರ ಉರುಳಿ ರಬ್ಬರು ಬಳುಕಿದಂತೆಲ್ಲ ಅದು ಮೇಲ್ಮೈಗೆ ಬಂದು ಗಾಳಿಯ ಓಝೋನ್ ತಾಗದಂತೆ ಕಾಯುತ್ತದೆ. ಬೆನ್ನಿಗೆ ನೇತುಬಿದ್ದ ಸ್ಟೆಪ್ನಿ ಉರುಳುವುದೂ ಇಲ್ಲ, ಬಳುಕುವುದೂ ಇಲ್ಲ. ಓಡಿದ ನಾಲ್ಕು ಟೈರು ಗಟ್ಟಿಯಾಗಿದ್ದು, ಓಡದ ಐದನೆಯದರ ಪಕ್ಕೆಯಲ್ಲಿ ಕೂದಲೆಳೆಯ ಬಿರುಕು ಕಾಣುವುದು ಹೀಗೆ. ಸ್ಟೆಪ್ನಿಯನ್ನೂ ಸರದಿಗೆ ಸೇರಿಸಿ ಓಡಿಸುವ ಶಿಸ್ತು ಇರುವವರು ಕವರ್ ಬಿಡಬಹುದು. ಉಳಿದವರು ಹೊಲಿಸಿಕೊಳ್ಳಿ.

ಹೊಲಿಸಿಕೊಳ್ಳಿ ಅಂದೆ, ಕೊಳ್ಳಿ ಅನ್ನಲಿಲ್ಲ. ಗಟ್ಟಿ ಫೈಬರ್ ತಟ್ಟೆ, ಸುತ್ತ ಸ್ಟೀಲ್ ಬಳೆ ಇರುವ ಕವರುಗಳು ಕಪ್ಪು ಟಾರಿನ ಮೇಲೆ ಚೆನ್ನಾಗಿಯೇ ಕಾಣುತ್ತವೆ. ತೋಟದ ದಾರಿಗೆ ಇಳಿಸಿದಿರೋ, ಗಡಗಡ. ಅಲ್ಲದೆ ಜಿಪ್ಸಿಯ ಹಿಂಬಾಗಿಲ ಕೀಲುಗಳು ಡಿಸ್ಕು ಟೈರು ಸೇರಿ ಇಪ್ಪತ್ತು ಕಿಲೋ ಆಸುಪಾಸಿನ ಭಾರವನ್ನು ಮೊದಲೇ ಹೊತ್ತಿವೆ. ಹಳೇ ಗಾಡಿಯ ಬಾಗಿಲು ಜೋತಿರುವುದು ಎಲ್ಲರಿಗೂ ಗೊತ್ತು. ಅದರ ಮೇಲೆ ಇದೂ ಯಾಕೆ? ಕ್ಯಾನ್ವಾಸ್ ಗಾಳಿಯಾಡುತ್ತದೆ, ನೋಡಲೂ ಗಂಭೀರ, ಆದರೆ ಆಷಾಢ ಮುಗಿಯುವಷ್ಟರಲ್ಲಿ ಬೂಷ್ಟು. ಕೊನೆಗೆ ಉಳಿಯುವುದು ರೆಕ್ಸಿನ್. ಹತ್ತಿ ನೂಲು ಬೇಡ, ಕೊಳೆಯುತ್ತದೆ. ನೈಲಾನಿಗಿಂತ ಪಾಲಿಯೆಸ್ಟರ್ ನೂಲು ಬಿಸಿಲು ತಾಳುತ್ತದೆ.

ಅಳತೆಯನ್ನು ಗಾಡಿ ಪುಸ್ತಕದಿಂದ ಹೇಳಬೇಡಿ, ಟೈರಿನ ಪಕ್ಕೆ ಓದಿ. ಜಿಪ್ಸಿ ಕಿಂಗ್‌ನ ಮೂಲ ಟೈರು 205/70 ಆರ್ 15, ಅಂದರೆ ಅಡ್ಡಳತೆ ಸುಮಾರು 26 ಇಂಚು. ಈಗ ಎಷ್ಟೋ ಜನ 235/75 ಹಾಕಿಸಿಕೊಂಡಿರುತ್ತಾರೆ, ಅದು 29ರ ಹತ್ತಿರ. ನಾನು ಅರ್ಧ ಇಂಚು ಚಿಕ್ಕದಾಗಿಯೇ ಕತ್ತರಿಸಲು ಹೇಳುತ್ತೇನೆ. ಹೊಲಿದ ಕವರನ್ನು ಮಧ್ಯಾಹ್ನದ ಬಿಸಿಲಿಗೆ ಹರವಿಟ್ಟರೆ ರೆಕ್ಸಿನ್ ಮೆದುವಾಗುತ್ತದೆ. ಆಗ ಇಬ್ಬರು ಹಿಡಿದು ಎಳೆದು ತೊಡಿಸಬೇಕು. ತಣಿದ ಮೇಲೆ ತಮಟೆಯ ಚರ್ಮದಂತೆ ಬಿಗಿಯುತ್ತದೆ.

ಇನ್ನು ನನ್ನ ನೆಚ್ಚಿನ ವಿಷಯ, ಕವರಿನಿಂದ ನೀರಿಳಿಯುವ ತೂತು. ಮನೆಯವರು ಈ ಮಾತು ಶುರುವಾದರೆ ಎದ್ದು ಒಳಗೆ ಹೋಗುತ್ತಾರೆ, ನೀವು ಕೂತಿರಿ. ಅಂಗಡಿಯಿಂದ ಕೊಂಡ ಕವರುಗಳಲ್ಲಿ ಬಹುಪಾಲಿಗೆ ನೀರು ಹೊರಹೋಗುವ ದಾರಿಯೇ ಇರುವುದಿಲ್ಲ. ತಯಾರಿಸಿದವನು ಮಳೆ ಮೇಲಿನಿಂದ ಮಾತ್ರ ಬರುತ್ತದೆ ಎಂದು ನಂಬಿದ್ದಾನೆ. ಮಲೆನಾಡಿನ ಮಳೆ ಪಕ್ಕದಿಂದ ಬರುತ್ತದೆ, ಚಕ್ರದಿಂದ ಹಾರಿ ಬರುತ್ತದೆ, ಹೊಲಿಗೆಯ ಸೂಜಿತೂತಿನಿಂದ ಇಳಿಯುತ್ತದೆ, ಏನೂ ಇಲ್ಲದಿದ್ದರೆ ಮಂಜಾಗಿ ಒಳಗೇ ಬೆವರುತ್ತದೆ. ಎಲ್ಲ ಬಂದು ನಿಲ್ಲುವುದು ಕವರಿನ ತಳದಲ್ಲಿ. ಡಿಸ್ಕಿಗೆ ತುಕ್ಕು, ನಟ್ಟಿಗೆ ತುಕ್ಕು. ಅದಕ್ಕಿಂತ ಮುಖ್ಯ, ಸೊಳ್ಳೆ. ಡೆಂಗಿ ತರುವ ಈಡಿಸ್ ಜಾತಿಗೆ ಲೋಟದಷ್ಟು ನೀರು, ಒಂದು ವಾರ ಹತ್ತು ದಿನದ ಬಿಡುವು ಸಾಕು. ಟೈರೆಂದರೆ ಅವಕ್ಕೆ ತವರುಮನೆ. ಜಿಪ್ಸಿ ಹುಟ್ಟಿದ ಅದೇ 1985ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಇದೇ ಜಾತಿಯ ಏಷ್ಯಾದ ಪಟ್ಟೆಸೊಳ್ಳೆ ಬೀಡುಬಿಟ್ಟದ್ದು ಕಂಡುಬಂತು. ಹಡಗಿನಲ್ಲಿ ಹೋದ ಹಳೇ ಟೈರುಗಳೊಳಗೆ ಅದರ ಮೊಟ್ಟೆಗಳು ಪ್ರಯಾಣ ಮಾಡಿದ್ದವು ಎನ್ನುತ್ತಾರೆ ಬಲ್ಲವರು. ಸಮುದ್ರ ದಾಟುವ ಸೊಳ್ಳೆಗೆ ನನ್ನ ಶೆಡ್ಡಿನಿಂದ ಮಲಗುವ ಕೋಣೆ ಎಷ್ಟು ದೂರ?

ಆದ್ದರಿಂದ ತಳದಲ್ಲಿ ಒಂದು ತೂತು. ಸುಮ್ಮನೆ ಕತ್ತರಿಯಿಂದ ಚುಚ್ಚಿದರೆ ಹರಿಯುತ್ತದೆ. ಟಾರ್ಪಾಲಿನ ಅಂಚಿಗೆ ಹಗ್ಗ ಪೋಣಿಸಲು ಹೊಡೆಯುವ ಹಿತ್ತಾಳೆಯ ಕಣ್ಣು ಇದೆಯಲ್ಲ, ಅದನ್ನೇ ಹೊಡೆಸಬೇಕು. ಎಲ್ಲಿ ಹೊಡೆಸಬೇಕು ಎನ್ನುವುದರಲ್ಲೇ ನನಗೂ ಇತರ ಜಿಪ್ಸಿಯವರಿಗೂ ಜಗಳ. ಅವರು ಎದುರಿನ ವೃತ್ತದ ಕೆಳಭಾಗದಲ್ಲಿ ಹೊಡೆಸುತ್ತಾರೆ, ಹೊಳೆಯುವುದು ಕಾಣಲಿ ಅಂತ. ಅಲ್ಲಿ ಹೊಡೆಸಿದರೆ ಕಣ್ಣಿನ ಕೆಳಗೆ ಎರಡು ಬೆರಳು ನೀರು ನಿಂತೇ ಇರುತ್ತದೆ. ಹೊಡೆಸಬೇಕಾದ್ದು ಪಕ್ಕದ ಪಟ್ಟಿಯಲ್ಲಿ, ನೆಲ ನೋಡುವ ಜಾಗದಲ್ಲಿ, ಗಾಡಿಯ ಮೈಕಡೆಗೆ ಸ್ವಲ್ಪ ಸರಿದಂತೆ. ಒಂದಲ್ಲ, ಗೇಣು ಅಂತರದಲ್ಲಿ ಎರಡು. ಒಂದಕ್ಕೆ ಕೆಸರು ಮೆತ್ತಿಕೊಂಡರೆ ಇನ್ನೊಂದು ಕೆಲಸ ಮಾಡುತ್ತದೆ. ಇದನ್ನು ನಾನು ಪೆಟ್ರೋಲ್ ಬಂಕಿನಲ್ಲಿ ಅಪರಿಚಿತರಿಗೂ ಹೇಳಿದ್ದೇನೆ. ಅವರು ತಲೆಯಾಡಿಸಿ, ಮುಂದಿನ ಭಾನುವಾರ ಹೊಳೆಯುವ ಕಣ್ಣನ್ನು ಎದುರಿಗೇ ಹೊಡೆಸಿಕೊಂಡು ಬರುತ್ತಾರೆ.

ಚಿತ್ರದ ವಿಷಯಕ್ಕೆ ಬಂದರೆ, ಕಾಸರಗೋಡಿನ ಕುಂಬಳೆಯ ಕರಣ್ ಆಚಾರ್ಯ 2015ರಲ್ಲಿ ತಮ್ಮೂರಿನ ಹುಡುಗರ ಬಾವುಟಕ್ಕೆಂದು ಬರೆದ ಸಿಟ್ಟಿನ ಹನುಮಂತ ದೇಶದ ಗಾಡಿಗಳ ಮೇಲೆಲ್ಲ ಏರಿ ಕೂತ. ಕಪ್ಪು ಮತ್ತು ಕೇಸರಿ, ಎರಡೇ ಬಣ್ಣ. ಗೆರೆ ಬಲವಾಗಿದೆ, ಚಿತ್ರದ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ಅದನ್ನು ಸ್ಟೆಪ್ನಿ ಕವರಿಗೆ ಪ್ರಿಂಟ್ ಹೊಡೆಸುವವರ ಬಗ್ಗೆ. ಗಾಡಿಯ ಹಿಂಭಾಗವೆಂದರೆ ಸಗಣಿ, ಕೆಸರು, ಹೊಗೆ ಎಲ್ಲ ಬಂದು ಬಡಿಯುವ ಜಾಗ. ಅಲ್ಲಿ ದೇವರ ಮುಖವೇ? ಜೊತೆಗೆ ಪ್ರಿಂಟಿನ ಬಣ್ಣ ಬಿಸಿಲಿಗೆ ಸೋಲುತ್ತದೆ. ಕೆಂಪು, ಹಳದಿ ಮೊದಲು ಹೋಗುತ್ತವೆ, ನೀಲಿ, ಕಪ್ಪು ಉಳಿಯುತ್ತವೆ; ಸಲೂನಿನ ಗೋಡೆಯ ಹಳೇ ಪೋಸ್ಟರಿನ ನಟಿಯರೆಲ್ಲ ನೀಲಿಗಟ್ಟಿರುವುದು ಇದಕ್ಕೇ. ಕೇಸರಿಯೆಂದರೆ ಕೆಂಪು ಹಳದಿಗಳ ಬೆರಕೆ ತಾನೇ. ಎರಡು ಬೇಸಿಗೆ ಕಳೆದರೆ ಹನುಮಂತನ ಸಿಟ್ಟು ಇಳಿದು, ಜ್ವರದಿಂದ ಎದ್ದವನ ಹಾಗೆ ಕಾಣುತ್ತಾನೆ.

ಬಣ್ಣ ಮಾಸಿದರೆ ಮಾಸಲಿ. ನನಗೆ ನಿಜವಾಗಿ ಮೈಯುರಿಯುವುದು ‘ಪ್ರಕೃತಿ ಉಳಿಸಿ’ ಎಂದು ಬೆನ್ನಿಗೆ ಬರೆಸಿಕೊಂಡು ಶನಿವಾರ ಸಂಜೆ ಬರುವ ದಂಡಿನ ಮೇಲೆ. ಹಸಿರು ಎಲೆ, ಹುಲಿಯ ಹೆಜ್ಜೆ, ಹಾರುವ ಮಂಗಟ್ಟೆ, ಎಲ್ಲ ಕವರಿನ ಮೇಲಿರುತ್ತವೆ. ದಾರಿಯಿದ್ದರೂ ದಾರಿ ಬಿಟ್ಟು ಹುಲ್ಲಿನ ಗುಡ್ಡಕ್ಕೆ ಹತ್ತಿಸುತ್ತಾರೆ, ವಿಡಿಯೊಗೆ ಕೆಸರು ಹಾರಬೇಕಲ್ಲ. ಶೋಲೆ ಕಾಡಿನ ಮೇಲಿನ ಆ ಹುಲ್ಲಿನ ಕೆಳಗೆ ಇರುವುದು ಒಂದಿಷ್ಟೇ ಮಣ್ಣು. ಮಡ್ ಟೈರು ಒಮ್ಮೆ ಸೀಳಿದರೆ ಮುಂದಿನ ಮಳೆಗೆ ಅದೇ ಗೆರೆಯಲ್ಲಿ ನೀರು ಹಿಡಿಯುತ್ತದೆ, ಅದರ ಮುಂದಿನ ಮಳೆಗೆ ಮೊಣಕಾಲುದ್ದದ ಕೊರಕಲು. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವುದು ಇಂಥ ಗುಡ್ಡಗಳ ಹುಲ್ಲು ಹಿಡಿದಿಟ್ಟುಕೊಂಡ ನೀರಿನಿಂದ. ಕೇಳಿದರೆ, ‘ಸಾರ್, ನಾವು ಗಿಡ ನೆಡೋ ಗ್ರೂಪು’ ಅನ್ನುತ್ತಾರೆ. ಗಿಡ ಅಲ್ಲಪ್ಪ, ಅಲ್ಲಿರುವುದು ಹುಲ್ಲು. ಅದನ್ನು ಯಾರೂ ನೆಟ್ಟಿಲ್ಲ, ನೆಡುವುದು ಸುಲಭವೂ ಅಲ್ಲ. ಇಂಥವರಲ್ಲೊಬ್ಬನ ಟೈರು ಪಂಚರ್ ಆಗಿ ಕವರ್ ಬಿಚ್ಚಿದಾಗ ಒಳಗಿದ್ದದ್ದು ನುಣುಪು ಬೋಳು ಟೈರು, ಅದೂ ಉಳಿದ ನಾಲ್ಕಕ್ಕಿಂತ ಚಿಕ್ಕದು. ಕವರ್ ತುಂಬಿ ಕಾಣಲೆಂದು ಸುತ್ತ ಗೋಣಿಚೀಲ ತುರುಕಿದ್ದ. ಜಿಪ್ಸಿಯಂಥ ಗಾಡಿಗೆ ಹಿಂದೊಂದು ಅಳತೆ ಮುಂದೊಂದು ಅಳತೆ ಹಾಕಿ ಫೋರ್ ಬೈ ಫೋರ್ ಎಳೆದರೆ ಗೇರುಗಳು ಒಂದಕ್ಕೊಂದು ತಿರುಚಿಕೊಳ್ಳುತ್ತವೆ ಎಂದು ಹೇಳಬೇಕೆನಿಸಿತು. ಹೇಳಲಿಲ್ಲ. ಗೋಣಿಚೀಲದಿಂದ ಒಂದು ಜರಿ ಇಳಿದು ಅವನ ಕಾಲ ಕಡೆ ಹೊರಟಿತ್ತು, ಅದನ್ನೂ ಹೇಳಲಿಲ್ಲ.

ನನ್ನ ಕವರ್ ಹೊಲಿಯುವವರು ಬಸ್‌ಸ್ಟ್ಯಾಂಡಿನ ಹಿಂದಿನ ಕುಶನ್ ಅಂಗಡಿಯ ಸಾಬರು. ಮೊದಲು ಅವರದು ಆಟೊ ಹುಡ್ ಕೆಲಸ. ಆಟೊಗಳ ಹಿಂದೆ ರೆಕ್ಸಿನ್ನಿನಲ್ಲೇ ಕತ್ತರಿಸಿ ಕೂರಿಸಿದ ತಾವರೆ, ಹೃದಯ, ನವಿಲು ನೋಡಿದ್ದೀರಲ್ಲ? 1980ರಲ್ಲಿ ‘ಆಟೊ ರಾಜ’ ಸಿನಿಮಾ ಬಂದಮೇಲೆ ಶಂಕರ್‌ನಾಗ್ ಆಟೊದವರ ಮನೆದೇವರಾದರು; ಅವರ ಚಿತ್ರ ಇವತ್ತಿಗೂ ಆಟೊಗಳ ಮೇಲಿದೆ, ಈಗೆಲ್ಲ ಸ್ಟಿಕ್ಕರ್. ಸಾಬರು ಆ ಗುಂಗುರು ಕೂದಲನ್ನು ಕಪ್ಪು ರೆಕ್ಸಿನ್ನಿನಲ್ಲಿ ಕತ್ತರಿಯಿಂದಲೇ ತೆಗೆಯುತ್ತಿದ್ದರಂತೆ, ಪೆನ್ಸಿಲ್ ಗೆರೆ ಇಲ್ಲದೆ. ರೆಕ್ಸಿನ್ನಿಗೆ ಸೂಜಿ ಒಮ್ಮೆ ಹೊಕ್ಕರೆ ತೂತು ಮುಚ್ಚುವುದಿಲ್ಲ. ಬಟ್ಟೆಯಾದರೆ ಬಿಚ್ಚಿ ಹೊಲಿಯಬಹುದು, ಇಲ್ಲಿ ಎರಡನೇ ಸಲ ಇಲ್ಲ. ಬಾಗಿದ ಅಂಚಿಗೆ ಬಂದಾಗ ಅವರು ಮೋಟಾರಿನ ಪೆಡಲ್ ಬಿಟ್ಟು ಮಿಷನ್ನಿನ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾರೆ, ಹೊಲಿಗೆಗೊಮ್ಮೆ ನಿಂತು. ಮೇಲಿನ ತುಂಡಿನ ಬಣ್ಣ ಬರೀ ಬಳಿದದ್ದಲ್ಲ, ರೆಕ್ಸಿನ್ನಿನ ಪದರದಲ್ಲೇ ಬೆರೆತದ್ದು. ಅದು ಪ್ರಿಂಟಿನ ಹಾಗೆ ಮಾಸುವುದಿಲ್ಲ. ಕೆಲಸ ನೋಡುತ್ತಾ ನಾನು ಅರ್ಧ ದಿನ ಸ್ಟೂಲಿನ ಮೇಲೆ ಕಳೆದದ್ದಿದೆ. ಅವರು ಎರಡು ಸಲ ಟೀ ತರಿಸಿ, ಆಮೇಲೆ, ‘ಗೌಡ್ರೇ, ತೋಟದಲ್ಲಿ ಕೆಲಸ ಇಲ್ವಾ?’ ಅಂದರು.

ಈ ಸಲ ನಾನು ಕೇಳಿದ್ದು ನಮ್ಮ ಕಡೆಯ ಗುಡ್ಡ, ಎತ್ತಿನ ಭುಜ. ಮೂರೇ ತುಂಡು: ಬೂದು ಆಕಾಶ, ಕಡುಹಸಿರು ಗುಡ್ಡ, ಬುಡದಲ್ಲಿ ಕಪ್ಪು ಕಾಡು. ಅಕ್ಷರ ಒಂದೂ ಬೇಡ. ಸಾಬರು ಸುಣ್ಣದ ಕಡ್ಡಿಯಲ್ಲಿ ಗೆರೆ ಎಳೆದು, ತಲೆ ಓರೆ ಮಾಡಿ, ‘ಒಂಟೆ ಅಂತಾರೆ ಜನ’ ಅಂದರು. ಹಿಣಿಲನ್ನು ಸ್ವಲ್ಪ ಮುಂದಕ್ಕೆ ವಾಲಿಸಿದೆವು. ಆಗ ಅಲ್ಲೇ ಹುಡ್ ಹೊಲಿಸಲು ಬಂದಿದ್ದ ಶಿಶಿಲದ ಪಿಕಪ್ ಡ್ರೈವರ್ ಬಾಯಿ ಹಾಕಿದ: ಗುಡ್ಡ ಹಾಗಿಲ್ಲ, ಉಲ್ಟಾ ಇದೆ ಅಂತ. ಅವನು ಘಾಟಿಯ ಕೆಳಗಿನವನು, ಆ ಕಡೆಯಿಂದ ನೋಡುತ್ತಾನೆ. ನಾವು ಭೈರಾಪುರದ ಕಡೆಯಿಂದ ನೋಡುವವರು. ‘ಚಾರ್ಮಾಡಿ ಇಳಿದ ಮೇಲೆ ಹಿಂದೆ ಬರುವವರೆಲ್ಲ ನಮ್ಮ ಕಡೆಯವರೇ, ಅವರಿಗೆ ತಪ್ಪು ಕಾಣುತ್ತದೆ’ ಅಂತ ಅವನು ವಾದ ಮಾಡಿದ. ಸಾಬರು ಕತ್ತರಿ ಹಿಡಿದು ನನ್ನ ಮುಖ ನೋಡಿದರು. ಕತ್ತರಿಸಿ, ನಮ್ಮ ಕಡೆಯದೇ ಇರಲಿ ಅಂದೆ. ಶಿಶಿಲದವರಿಗೆ ಬೇಕಿದ್ದರೆ ಅವರ ಪಿಕಪ್ಪಿಗೆ ಬೇರೆ ಹೊಲಿಸಿಕೊಳ್ಳಲಿ, ತೂತು ಎಲ್ಲಿ ಹೊಡೆಸಬೇಕೆಂದು ನಾನೇ ಹೇಳಿಕೊಡುತ್ತೇನೆ.